ಕ್ಯಾಮೆರಾ ಇಟ್ಟ ದೃಷ್ಟಿಬೊಟ್ಟು

ಕೊಯಮತ್ತೂರು ಬಳಿಯ ಅನ್ನೂರಿನ, ಮನೆಯಲ್ಲಿ ಕನ್ನಡವಾಡುವ ಸೋಮಸುಂದರಂ ಅವರ ಕಣ್ಣಿನ ವಿಚಾರ ಮೊದಲು ಹೇಳಿ ಮುಗಿಸುತ್ತೇನೆ, ಯಾಕೆಂದರೆ ಮುಂದೆ ನಡೆದ ರಾಮಾಯಣಕ್ಕೆಲ್ಲ ಆ ಕಣ್ಣೇ ಮೂಲ. ಹೊರದೇಶಕ್ಕೆ ಮಾಲು ಕಳಿಸುವ ತಿರುಪ್ಪೂರಿನ ಒಂದು ಬನಿಯನ್ ಕಂಪನಿಯಲ್ಲಿ ಅವರು ಮೂವತ್ತೊಂದು ವರ್ಷದಿಂದ ಚೆಕಿಂಗ್ ಮಾಸ್ಟರ್. ಹೊಲಿದು ಬಂದ ಬನಿಯನ್ನುಗಳನ್ನು ಮೇಜಿನ ಮೇಲೆ ಹರಡಿ, ಎಲ್ಲಿ ಎಣ್ಣೆಯ ಕಲೆ, ಎಲ್ಲಿ ಸೂಜಿಯ ತೂತು, ಎಲ್ಲಿ ನೂಲು ಬಿಟ್ಟಿದೆ ಎಂದು ಹುಡುಕಿ, ಆ ಜಾಗಕ್ಕೆ ಒಂದು ಕೆಂಪು ಬಾಣದ ಸ್ಟಿಕರ್ ಅಂಟಿಸುವುದು ಅವರ ಕೆಲಸ. ಮದುವೆಮನೆಗೆ ಹೋದರೂ ಅವರ ಕಣ್ಣು ಮೊದಲು ಮದುಮಗನ ಕಾಲರಿಗೆ ಹೋಗುತ್ತಿತ್ತು. "ಎಡಗಡೆ ಒಂದು ಹೊಲಿಗೆ ತಪ್ಪಿದೆ" ಎಂದು ಪಕ್ಕದವರ ಕಿವಿಯಲ್ಲಿ ಹೇಳದಿದ್ದರೆ ಅವರಿಗೆ ಪಾಯಸ ಇಳಿಯುತ್ತಿರಲಿಲ್ಲ. ತನ್ನ ಕಣ್ಣು ತಪ್ಪಿಸಿ ಒಂದೇ ಒಂದು ಕಲೆ ಇದುವರೆಗೆ ಹಡಗು ಹತ್ತಿಲ್ಲ ಎಂಬುದು ಅವರ ಹೆಮ್ಮೆ.

ಇಂಥ ಮಹಾನುಭಾವರು ಐವತ್ತೈದನೆಯ ವಯಸ್ಸಿನಲ್ಲಿ ಕ್ಯಾಮೆರಾ ಕೊಂಡರು. ಕಾರಣವಿತ್ತು. ಮಗಳು ಸುಗನ್ಯಾಳಿಗೆ ಮದುವೆಯಾಗಿ ಏಳು ವರ್ಷದ ಮೇಲೆ, ಸುತ್ತಲಿನ ದೇವರುಗಳಿಗೆಲ್ಲ ಹರಕೆ ಹೊತ್ತಾದ ಮೇಲೆ, ಒಂದು ಹೆಣ್ಣುಮಗು ಹುಟ್ಟಿತ್ತು. ಬಾಣಂತಿಯೂ ಮಗುವೂ ಅನ್ನೂರಿನ ಮನೆಗೆ ಬಂದ ದಿನವೇ ಸೋಮಸುಂದರಂ ಟೌನ್ ಬಸ್ ಹತ್ತಿ ಕೊಯಮತ್ತೂರಿಗೆ ಹೋದರು. ಸ್ಟುಡಿಯೋ ಮುಚ್ಚುತ್ತಿದ್ದ ಒಬ್ಬರಿಂದ ಹಳೆಯ ಡಿಜಿಟಲ್ ಕ್ಯಾಮೆರಾ, ಎರಡು ಲೆನ್ಸು, ಒಂದು ಕಪ್ಪು ಚೀಲ ತಂದರು.

"ಏನುಂಗೋ, ಫೋನಲ್ಲಿ ತೆಗೆದರೆ ಆಗಲ್ವಾ?" ಎಂದಳು ಹೆಂಡತಿ ಗೋಮತಿ.

"ಫೋನಲ್ಲಿ ಎಲ್ಲರೂ ತೆಗೀತಾರೆ ಗೋಮತಿ. ಇದು ಆರ್ಟು" ಎಂದರು ಸೋಮಸುಂದರಂ. ಗೋಮತಿ ಬಾಣಂತಿಗೆ ಬೆಳ್ಳುಳ್ಳಿ ಸಾರು ಕಲಸಿಕೊಡಲು ಹೋದಳು.

ಆರ್ಟನ್ನು ಅವರು ಕಲಿತದ್ದು ಫೋನಿನ ವೀಡಿಯೊಗಳಿಂದ. ಚೆನ್ನೈಯ ಯಾವನೋ ಗಡ್ಡದ ಯುವಕ ತಮಿಳಿನಲ್ಲಿ ಪಾಠ ಹೇಳುತ್ತಿದ್ದ. ಅವನ ನೂರು ಪಾಠಗಳಲ್ಲಿ ಸೋಮಸುಂದರಂ ಅವರ ತಲೆಯಲ್ಲಿ ನಿಂತದ್ದು ಎರಡೇ. ಒಂದು, ಲೆನ್ಸಿನ ಕಿಂಡಿಯನ್ನು ಎಫ್ ಹದಿನಾರರಲ್ಲಿ ಇಟ್ಟರೆ ಎಲ್ಲವೂ ಸ್ಪಷ್ಟ. ಎರಡು, ಮುಖ ಯಾವಾಗಲೂ ಚೌಕಟ್ಟಿನ ಮೂರರಲ್ಲೊಂದು ಭಾಗದ ಗೆರೆಯ ಮೇಲೆ ಇರಬೇಕು. ಮೂರನೆಯದನ್ನು ಅವರೇ ಸೇರಿಸಿಕೊಂಡರು: ಯಾರ ಪಟ ತೆಗೆದರೂ ಸರಿಯಾಗಿ ಆರು ಅಡಿ ದೂರ. ಕೊರಳಲ್ಲಿ ಸದಾ ನೇತಾಡುವ ಇಂಚ್ ಟೇಪಿನಿಂದ ಎದುರಿನವರ ಮೂಗಿನವರೆಗೆ ಅಳೆದೇ ಅವರು ಗುಂಡಿ ಒತ್ತುತ್ತಿದ್ದದ್ದು. ಹೀಗಾಗಿ ಅವರ ಎಲ್ಲ ಪಟಗಳಲ್ಲೂ ಎಲ್ಲರ ಮುಖವೂ ಒಂದೇ ಜಾಗದಲ್ಲಿ, ಒಂದೇ ಗಾತ್ರದಲ್ಲಿ ಬರುತ್ತಿತ್ತು. ಬನಿಯನ್ನಿನ ಅಳತೆ ಹಾಗೇ ಇರಬೇಕಲ್ಲವೇ? ಕಂಪನಿಯ ಟೈಲರ್ ಕೈಯಲ್ಲಿ ರಿಜೆಕ್ಟ್ ಬಟ್ಟೆಯ ಹದಿನಾಲ್ಕು ಜೇಬಿನ ಒಂದು ಜಾಕೀಟನ್ನೂ ಹೊಲಿಸಿಕೊಂಡರು. ಹನ್ನೆರಡು ಜೇಬು ಖಾಲಿ, ಒಂದರಲ್ಲಿ ಕನ್ನಡಕ, ಇನ್ನೊಂದರಲ್ಲಿ ಲೆನ್ಸ್ ಒರೆಸುವ ಬಟ್ಟೆ.

ಮೊದಲ ವಾರವೇ ಕ್ಯಾಮೆರಾ ಕಂಪನಿಗೆ ಹೋಯಿತು. ಮಧ್ಯಾಹ್ನದ ಊಟದ ಹೊತ್ತು, ಚೆಕಿಂಗ್ ಮೇಜಿನ ಮೇಲೆ, ಜೋರಾಗಿ ತಿರುಗುವ ಫ್ಯಾನಿನ ಕೆಳಗೆ, ಸೋಮಸುಂದರಂ ಲೆನ್ಸ್ ಬಿಚ್ಚಿ ಇನ್ನೊಂದು ಹಾಕುವುದನ್ನು ಅಲ್ಲಿನ ಹೆಣ್ಣುಮಕ್ಕಳಿಗೆ ತೋರಿಸಿದರು. "ಬಾವಿ ಹಾಗಿದೆ ಮಾಸ್ಟರ್!" ಎಂದು ಅವರಲ್ಲಿ ಚುರುಕಾದ ವಿಜಯಕುಮಾರಿ ಒಳಗೆ ಬಗ್ಗಿ ನೋಡಿದಳು. ಸುತ್ತಲೂ ಹತ್ತಿಯ ಧೂಳು, ಅಲ್ಲಿನವರ ಬಾಯಲ್ಲಿ ಪಂಜಿನ ಧೂಳು, ಹಾರಾಡುತ್ತಿತ್ತು. ಅದರಲ್ಲಿ ಒಂದು ಕಣ ಆ ಬಾವಿಗೆ ಇಳಿದು, ಚಿತ್ರ ಬೀಳುವ ಗಾಜಿನ ಮೇಲೆ ಹೋಗಿ ಗಟ್ಟಿಯಾಗಿ ಕೂತಿತು. ಹಾಗೆ ಕೂತದ್ದು ಆಮೇಲೆ ತೆಗೆದ ಪ್ರತಿ ಪಟದಲ್ಲೂ ಅದೇ ಜಾಗದಲ್ಲಿ ಒಂದು ಕಪ್ಪು ಚುಕ್ಕೆಯಾಗಿ ಬರುತ್ತದೆ. ಮೂವತ್ತೊಂದು ವರ್ಷದ ಕಣ್ಣಿಗೆ ಇದು ಬೀಳಲಿಲ್ಲ, ಏಕೆಂದರೆ ಕ್ಯಾಮೆರಾದ ಪುಟ್ಟ ತೆರೆ ನೋಡಲು ಕನ್ನಡಕ ಬೇಕು, ಕನ್ನಡಕ ಹಾಕಿಕೊಂಡರೆ ಆರ್ಟಿಸ್ಟಿನ ಹಾಗೆ ಕಾಣುವುದಿಲ್ಲ.

ಕ್ಯಾಮೆರಾ ಬಂತು, ಜಾಕೀಟು ಬಂತು, ಮಗುವಿನ ಪಟ ಮಾತ್ರ ಬರಲಿಲ್ಲ. ಅಡ್ಡ ನಿಂತವರು ಸೋಮಸುಂದರಂ ಅವರ ತಾಯಿ, ಎಂಬತ್ತೊಂದು ವರ್ಷದ ಕಮಲಾತಾಳ್.

"ಪಾಪುನ ಪಟ ಹಿಡೀಬೇಡ" ಎಂದರು. ಅಷ್ಟೇ. ಎರಡನೆಯ ಮಾತಿಲ್ಲ.

ಅದರ ಹಿಂದಿನ ಕಥೆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅರವತ್ತು ವರ್ಷದ ಹಿಂದೆ ಕಮಲಾತಾಳ್ ಅವರ ಚೊಚ್ಚಲ ಮಗ ರಂಗಸಾಮಿಗೆ ಒಂದು ವರ್ಷ ತುಂಬಿದಾಗ ಕೊಯಮತ್ತೂರಿನ ಸ್ಟುಡಿಯೋಗೆ ಎತ್ತಿಕೊಂಡು ಹೋಗಿ ಪಟ ತೆಗೆಸಿದ್ದರು. ತಿಂಗಳೊಳಗೆ ಜ್ವರ ಬಂದು ಆ ಮಗು ಹೋಗಿಬಿಟ್ಟಿತು. ಅಂದಿನಿಂದ ಕಮಲಾತಾಳ್ ಕ್ಯಾಮೆರಾ ಕಂಡರೆ ಎದ್ದು ಅಡುಗೆಮನೆಗೆ ಹೋಗುತ್ತಿದ್ದರು. ಸೋಮಸುಂದರಂ ಅವರ ಮದುವೆಯ ಆಲ್ಬಮ್ಮಿನಲ್ಲಿ ನೂರಾ ನಲವತ್ತು ಪಟಗಳಿವೆ, ಒಂದರಲ್ಲೂ ಹೆತ್ತ ತಾಯಿ ಇಲ್ಲ. ಆಧಾರ್ ಕಾರ್ಡಿನ ಪಟವೊಂದಿದೆ, ಅದು ಸರ್ಕಾರದ ಬಲವಂತ, ಲೆಕ್ಕಕ್ಕಿಲ್ಲ.

ಸೋಮಸುಂದರಂ ಅವರಿಗೆ ಬೇಕಾಗಿದ್ದದ್ದು ಒಂದೇ ಒಂದು ಪಟ. ಅಮ್ಮನ ಮಡಿಲಲ್ಲಿ ತಮ್ಮ ಮೊಮ್ಮಗಳು. ಮೂರು ತಿಂಗಳು ತುಂಬಿದ ಮೇಲೆ ಬರುವ ಭಾನುವಾರ ಸುಗನ್ಯಾ ಮಗುವಿನೊಂದಿಗೆ ತುಡಿಯಲೂರಿನ ಗಂಡನ ಮನೆಗೆ ಹೊರಡುವವಳಿದ್ದಳು. ಅಮ್ಮನಿಗೋ ಎಂಬತ್ತೊಂದು. ಲೆಕ್ಕ ಹಾಕಲು ಅವರಿಗೆ ಭಯವಾಗುತ್ತಿತ್ತು, ಆದ್ದರಿಂದ ಹಾಕದೆ, ಬೀದಿಯವರ ಮೇಲೆ ಕೈ ಪಳಗಿಸಿಕೊಳ್ಳಲು ಹೊರಟರು.

ಮೊದಲು ಸಿಕ್ಕಿದ್ದು ಎದುರುಮನೆಯ ಜಾನಕಿಯಮ್ಮನ ಎರಡು ವರ್ಷದ ಮೊಮ್ಮಗ. ಮಗುವನ್ನು ತಿಣ್ಣೆಯ ಮೇಲೆ ಕೂರಿಸಿ ಟೇಪು ಹಿಡಿದು ಅಳೆಯುವಾಗ ಸೋಮಸುಂದರಂ ಅವರ ಕಣ್ಣಿಗೆ ಅದರ ಕೆನ್ನೆಯ ಕಾಡಿಗೆಯ ದೃಷ್ಟಿಬೊಟ್ಟು ಬಿತ್ತು.

"ಆ ಕಪ್ಪು ಒರೆಸಿಬಿಡಿ ಅತ್ತೆ" ಎಂದರು. "ಪಟದಲ್ಲಿ ಕಲೆ ಹಾಗೆ ಕಾಣ್ತದೆ."

ಜಾನಕಿಯಮ್ಮ ಮನಸ್ಸಿಲ್ಲದ ಮನಸ್ಸಿನಿಂದ ಸೆರಗಿನ ತುದಿಯಲ್ಲಿ ಒರೆಸಿದರು. ಪಟವಾಯಿತು. ರಾತ್ರಿ ಊಟದ ಹೊತ್ತಿಗೆ ಸೋಮಸುಂದರಂ ಅದನ್ನು ಜಾನಕಿಯಮ್ಮನ ಮಗನ ಫೋನಿಗೆ ಕಳಿಸಿದರು. ಕೈ ತೊಳೆಯುವಷ್ಟರಲ್ಲಿ ಜಾನಕಿಯಮ್ಮ ಬೀದಿ ದಾಟಿ ಓಡಿ ಬಂದರು.

"ಸೋಮು! ಒರೆಸು ಅಂದೆ, ಒರೆಸಿದೆ. ನನ್ನ ಕೈಯಾರೆ ಒರೆಸಿದೆ. ನೋಡು ಇಲ್ಲಿ!"

ಫೋನಿನ ತೆರೆಯ ಮೇಲೆ ಮಗು ನಗುತ್ತಿತ್ತು. ಎಡಗೆನ್ನೆಯ ಮೇಲೆ, ಇರಬೇಕಾದ ಜಾಗದಲ್ಲೇ, ಇರಬೇಕಾದ ಅಳತೆಯಲ್ಲೇ, ಒಂದು ದುಂಡನೆಯ ಕಪ್ಪು ಬೊಟ್ಟು.

ನಿಜ ಹೇಳಬೇಕೆಂದರೆ ಸರಿಯಾಗಿ ಒರೆಸಿಲ್ಲ ಎಂದೇ ಸೋಮಸುಂದರಂ ತಿಳಿದರು. ಆದರೆ ಜಾನಕಿಯಮ್ಮ ಅಷ್ಟು ಭಕ್ತಿಯಿಂದ ನೋಡುತ್ತಿರುವಾಗ ಹಾಗೆ ಹೇಳುವುದು ಹೇಗೆ? ಜಾಕೀಟಿನ ಒಂದು ಖಾಲಿ ಜೇಬಿನೊಳಗೆ ಕೈ ಇಟ್ಟು, "ಅದೆಲ್ಲ ಹಾಗೇ ಅತ್ತೆ. ಆರ್ಟು" ಎಂದರು. ಈ ಒಂದು ಮಾತಿಗೆ ಅವರು ಪಟ್ಟ ಪಾಡು ಮುಂದೆ ನೋಡುವಿರಿ.

ಎರಡನೆಯವರು ಗ್ರಾಮಾಡಳಿತ ಅಧಿಕಾರಿ ದಂಡಪಾಣಿ. ಕಚೇರಿಯ ಗೋಡೆಗೆ ಹಾಕಲು ಗಂಭೀರವಾದ ಪಟವೊಂದು ಬೇಕೆಂದು ತೆಗೆಸಿಕೊಂಡಿದ್ದರು. ಮೂರನೆಯ ದಿನ ಮೊಪೆಡ್ ನಿಲ್ಲಿಸಿ, ಬಾಗಿಲಲ್ಲೇ ನಿಂತು ತಮಿಳಿನಲ್ಲಿ ಗುಡುಗಿದರು.

"ಏನ್ರೀ ಇದು ಕೆನ್ನೆ ಮೇಲೆ? ನಾನೇನು ತೊಟ್ಟಿಲ ಮಗುವಾ? ಸರ್ಕಾರಿ ನೌಕರನಿಗೆ ಬೊಟ್ಟಿಟ್ಟು ಕಳಿಸ್ತೀರಾ? ಕಚೇರಿಯಲ್ಲಿ ಜವಾನ ತಲೆಯಾರಿಯಿಂದ ಹಿಡಿದು ಎಲ್ಲರೂ ನಗ್ತಿದ್ದಾರೆ!"

ಸೋಮಸುಂದರಂ ಬಾಯಿ ತೆರೆಯುವ ಮೊದಲೇ ದಂಡಪಾಣಿಯವರ ಫೋನು ಹೊಡೆದುಕೊಂಡಿತು. ಅವರು ಹೌದೆಂದು "ಆಮಾಂಗ" ಎಂದರು, ಮತ್ತೆ "ಆಮಾಂಗ" ಎಂದರು, ಮೂರನೆಯ "ಆಮಾಂಗ" ಹೊರಗೆ ಬರಲೇ ಇಲ್ಲ. ವಾಲ್ಪಾರೈ ಗುಡ್ಡಕ್ಕೆ ಆಗಿದ್ದ ಅವರ ವರ್ಗಾವಣೆ ರದ್ದಾಗಿತ್ತು. ಎಂಟು ತಿಂಗಳಿಂದ ಯಾರ ಯಾರ ಕಾಲು ಹಿಡಿದರೂ ಆಗದ ಕೆಲಸ. ದಂಡಪಾಣಿ ಫೋನು ನೋಡಿದರು, ಪಟ ನೋಡಿದರು, ಮೆಲ್ಲಗೆ ತಮ್ಮ ಎಡಗೆನ್ನೆ ಮುಟ್ಟಿ ನೋಡಿಕೊಂಡರು.

"ದೊಡ್ಡ ಸೈಜಲ್ಲಿ ಇನ್ನೆರಡು ಹಾಕಿಕೊಡಿ ಸಾರ್" ಎಂದರು. "ಮನೆಗೊಂದು."

ಇಷ್ಟಾದ ಮೇಲೆ ಕೇಳಬೇಕೇ! ಜಾನಕಿಯಮ್ಮ ಒಬ್ಬರೇ ಮೂರು ಬಸ್ಸು ಹಿಡಿಸುವಷ್ಟು ಜನಕ್ಕೆ ಸುದ್ದಿ ಮುಟ್ಟಿಸಿದರು. ತಾನಾಗಿ ದೃಷ್ಟಿ ತೆಗೆಯುವ ಕ್ಯಾಮೆರಾ! ಹೊಗಳಿಕೆಯ ಸುಖದಲ್ಲಿ ಸೋಮಸುಂದರಂ ಅವರೂ ಕಾರಣ ಹುಡುಕಲು ಹೋಗಲಿಲ್ಲ. ಹೆಣ್ಣು ನೋಡಲು ಹೊರಟ ಗಂಡು ಮೊದಲು ಇಲ್ಲಿಗೆ ಬಂದ. ಹೊಸ ಬೈಕು ಬಂತು, ಹೊಸ ಗ್ರೈಂಡರು ಬಂತು, ಹಬೆಯಾಡುವ ಇಡ್ಲಿ ಪಾತ್ರೆಯೊಂದಿಗೆ ಹೊಸ ಮೆಸ್ಸಿನ ಯಜಮಾನಿ ಬಂದಳು. ಕೊನೆಗೆ ಕಾಂಗೇಯಂನಿಂದ ಒಬ್ಬರು ಸಣ್ಣ ಲಾರಿಯಲ್ಲಿ ಒಂದು ಹೋರಿಗರುವನ್ನೇ ಏರಿಸಿಕೊಂಡು ಬಂದರು. ಸೋಮಸುಂದರಂ ಕರುವಿನ ಮೂಗಿನವರೆಗೂ ಟೇಪು ಹಿಡಿದು ಆರು ಅಡಿ ಅಳೆದರು. ಕರು ಟೇಪಿನ ತುದಿಯನ್ನು ತಿಂದಿತು.

ಆ ಸಂಜೆ ಕರು ಎಷ್ಟು ಇಂಚು ತಿಂದಿದೆ ಎಂದು ನೋಡಲು ಸೋಮಸುಂದರಂ ಕನ್ನಡಕ ಹಾಕಿಕೊಂಡರು. ಹಾಕಿಕೊಂಡವರು ಹಾಗೇ ಕ್ಯಾಮೆರಾದ ತೆರೆಯನ್ನೂ ನೋಡಿದರು. ಕರುವಿನ ಕೆನ್ನೆಯ ಮೇಲೆ ಬೊಟ್ಟು. ಕರುವಿಗೆ ಯಾರು ಇಟ್ಟರು? ಹಿಂದಕ್ಕೆ ಹೋದರು. ಗ್ರೈಂಡರಿನ ಹೊಟ್ಟೆಯ ಮೇಲೆ ಬೊಟ್ಟು. ದಂಡಪಾಣಿಯವರ ಕೆನ್ನೆ, ಇಡ್ಲಿಯ ನೆತ್ತಿ, ಎಲ್ಲ ಕಡೆ ಅದೇ ಜಾಗ, ಅದೇ ಅಳತೆ. ಸುಣ್ಣದ ಗೋಡೆಯ ಪಟ ತೆಗೆದರು. ಬೆಳ್ಳನೆಯ ಗೋಡೆ, ಅದರ ಮೇಲೊಂದು ಬೊಟ್ಟು.

"ಡ್ಯಾಮೇಜ್!" ಎಂದು ಕೂಗಿಬಿಟ್ಟರು.

ಗೋಮತಿ ಸೌಟು ಹಿಡಿದುಕೊಂಡೇ ಓಡಿ ಬಂದಳು. "ಏನುಂಗೋ, ಏನಾಯ್ತು?"

"ಧೂಳು ಗೋಮತಿ! ಒಳಗೆ ಪಂಜಿನ ಧೂಳು ಕೂತಿದೆ. ಇನ್ನೂರು ಪೀಸು! ಇನ್ನೂರು ಪೀಸು ಡ್ಯಾಮೇಜು ನನ್ನ ಕೈಯಿಂದ ಊರಿಗೆಲ್ಲ ಹೋಗಿದೆ!"

ಅವರು ತಲೆಯ ಮೇಲೆ ಕೈ ಹೊತ್ತು ಕೂತರು. ನಾಳೆಯೇ ಕೊಯಮತ್ತೂರಿಗೆ ಹೋಗಿ ತೊಳೆಸಿಬಿಡಬೇಕು, ಎಲ್ಲರಿಗೂ ನಿಜ ಹೇಳಿಬಿಡಬೇಕು ಎಂದು ನಿಶ್ಚಯಿಸಿದರು. ಒಳ್ಳೆಯ ನಿಶ್ಚಯ. ಅದು ಸುಮಾರು ಎರಡು ನಿಮಿಷ ಬದುಕಿತ್ತು. ಏಕೆಂದರೆ ಆಗ ಕಮಲಾತಾಳ್ ಮಗುವನ್ನು ಎದೆಗೊತ್ತಿಕೊಂಡು ನಡುಮನೆಗೆ ಬಂದರು.

"ಸೋಮು, ನಿನ್ನ ಮಿಷಿನ್ನು ತಾನೇ ಬೊಟ್ಟು ಇಡ್ತದಂತೆ? ಜಾನಕಿ ಹೇಳಿದಳು. ಒರೆಸಿದ್ರೂ ಇಡ್ತದಂತೆ. ಹೌದೇನ್ಡಾ?"

ಸೋಮಸುಂದರಂ ಗೋಮತಿಯ ಮುಖ ನೋಡಿದರು. ಗೋಮತಿ ಸೌಟಿನ ಮುಖ ನೋಡಿದಳು.

"ನಾನು ರೊಂಬ ಯೋಚನೆ ಮಾಡಿದೆ" ಎಂದರು ಕಮಲಾತಾಳ್. "ಹಂಗಾದ್ರೆ ಭಯ ಇಲ್ಲ. ಭಾನುವಾರ ಪಾಪುನ ಕಳಿಸೋ ದಿನ ತೆಗಿ. ನಾನೂ ಕೂತ್ಕೋತೀನಿ."

ನೀವೇ ಹೇಳಿ, ಐವತ್ತೈದು ವರ್ಷ ಕಾದ ಮಗ ಆಗ ಏನು ಹೇಳಬೇಕು? ಸೋಮಸುಂದರಂ ಸುಳ್ಳು ಹೇಳಲಿಲ್ಲ. ನಿಜವನ್ನೂ ಹೇಳಲಿಲ್ಲ. ತಲೆಯಾಡಿಸಿದರು. ಆಮೇಲೆ ಕ್ಯಾಮೆರಾವನ್ನು ಒಂದು ಹಳೆಯ ರೇಷ್ಮೆ ಬಟ್ಟೆಯಲ್ಲಿ ಸುತ್ತಿ, ಚೀಲದಲ್ಲಿಟ್ಟು, ಚೀಲವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು. ಬಟ್ಟೆಯ ಮೇಲಿನ ಕಲೆಯನ್ನು ಜೀವಮಾನವೆಲ್ಲ ಬೇಟೆಯಾಡಿದ ಮನುಷ್ಯ ಈಗ ಒಂದು ಧೂಳಿನ ಕಣ ಕದಲದಿರಲಿ ಎಂದು ಬೆಳಿಗ್ಗೆ ಸಂಜೆ ಬೀರುವಿಗೆ ಕೈ ಮುಗಿಯುತ್ತಿದ್ದರು.

ಆದರೆ ಬೀರುವಿನ ಬೀಗದ ಕೈ ಇರುವುದು ಗೋಮತಿಯ ಸೊಂಟದಲ್ಲಿ. ಅಳಿಯ ಎಂದರೆ ಗೋಮತಿಗೆ ಪ್ರಾಣ.

ಅಳಿಯ ಕಾರ್ತಿ ತುಡಿಯಲೂರಿನ ಒಂದು ಪಂಪ್‌ಸೆಟ್ ಕಾರ್ಖಾನೆಯಲ್ಲಿ ಮೆಕ್ಯಾನಿಕ್. ಕೆಟ್ಟದ್ದು ಕಂಡರೆ ಸರಿಮಾಡದೆ ಬಿಡುವವನಲ್ಲ. ಬುಧವಾರ ಮಗುವನ್ನು ನೋಡಲು ಬಂದವನು ಅತ್ತೆಯ ಫೋನಿನಲ್ಲಿ ಮಾವ ತೆಗೆದ ಪಟಗಳನ್ನು ನೋಡಿದ. ಎಲ್ಲದರಲ್ಲೂ ಚುಕ್ಕೆ. ಪಾಪ, ಮಾವನಿಗೆ ಎಷ್ಟು ಬೇಜಾರೋ ಎಂದುಕೊಂಡು ಮಾವ ಕೆಲಸದಿಂದ ಬರುವ ಮೊದಲೇ ಅತ್ತೆಯ ಕೈಯಲ್ಲಿ ಬೀಗ ತೆಗೆಸಿ, ಚೀಲ ಅಲ್ಲೇ ಬಿಟ್ಟು, ಕ್ಯಾಮೆರಾ ಎತ್ತಿಕೊಂಡು ಹೋದ. "ಮಾವನಿಗೆ ಹೇಳಬೇಡಿ ಅತ್ತೆ, ಸುಮ್ಮಾ ಒಂದು ಸರ್‌ಪ್ರೈಸ್" ಎಂದ. ಆ ಧೂಳೇ ಬೇಕಾಗಿದೆ ಎಂದು ಅಳಿಯನಿಗೆ ಹೇಳುವುದು ಹೇಗೆಂದೇ ಗೋಮತಿಗೆ ತಿಳಿಯಲಿಲ್ಲ. ಅಳಿಯ ಮೊದಲ ಬಾರಿ ಮಾವನಿಗಾಗಿ ಏನೋ ಮಾಡಲು ಹೊರಟಿದ್ದಾನೆ, ಬೇಡ ಎನ್ನುವುದೇ? ಮುಂದಿನ ಎರಡು ದಿನ ಸೋಮಸುಂದರಂ ಖಾಲಿ ಚೀಲಕ್ಕೆ ಕೈ ಮುಗಿದರು.

ಶುಕ್ರವಾರ ಸಂಜೆ ಕಾರ್ತಿ ಎಲ್ಲರ ಮುಂದೆ ಕ್ಯಾಮೆರಾವನ್ನು ಮಾವನ ಕೈಗಿಟ್ಟ.

"ಮಾಮಾ, ಕ್ಲೀನ್! ಪಂಜಿನ ಧೂಳು ಒಂದು ಒಳಗೆ ಅಂಟಿಕೊಂಡಿತ್ತಂತೆ. ಹೋಯ್ತು. ಈಗ ಗೋಡೆ ತೆಗೆದು ನೋಡಿ, ಹಾಲು ಹಾಗೆ ಬಿಳಿ!"

ಸೋಮಸುಂದರಂ ಗೋಡೆಯ ಪಟ ತೆಗೆದು ನೋಡಿದರು. ಹಾಲು ಹಾಗೆ ಬಿಳಿ. ಅವರ ಕಣ್ಣಲ್ಲಿ ನೀರು ಬಂತು.

"ಮಾಮನಿಗೆ ಆನಂದಬಾಷ್ಪ!" ಎಂದ ಕಾರ್ತಿ. ಸುಗನ್ಯಾ ಹೆಮ್ಮೆಯಿಂದ ಗಂಡನನ್ನು ನೋಡಿದಳು. ಅವರಿಬ್ಬರ ಮುಖ ನೋಡಿ ಸೋಮಸುಂದರಂ, "ಚೆನ್ನಾಗಿ ಮಾಡಿದಿರಿ ಮಾಪ್ಳೆ" ಎಂದು ಅಳಿಯನಿಗೆ ಹೇಗೋ ಹೇಳಿದರು. ಅಡುಗೆಮನೆಯಲ್ಲಿ ಗೋಮತಿ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಿದ್ದಳು.

ಶನಿವಾರ ಕಂಪನಿಯಲ್ಲಿ ಯಾರೂ ಕಂಡು ಕೇಳದ ಕೆಲಸವೊಂದು ನಡೆಯಿತು. ಚೆಕಿಂಗ್ ಮಾಸ್ಟರ್ ಸೋಮಸುಂದರಂ ಕ್ಯಾಮೆರಾದ ಲೆನ್ಸ್ ಬಿಚ್ಚಿ, ಬಟ್ಟೆ ಕತ್ತರಿಸುವ ಜಾಗದಲ್ಲಿ, ಧೂಳು ಮಂಜಿನಂತೆ ಇಳಿಯುವ ಕಡೆ, ಅದನ್ನು ಎರಡು ಕೈಯಲ್ಲಿ ಎತ್ತಿ ಹಿಡಿದು ನಿಂತರು.

"ಮಾಸ್ಟರ್, ಏನ್ ಮಾಡ್ತಿದ್ದೀರಿ?" ಎಂದು ವಿಜಯಕುಮಾರಿ ಗಾಬರಿಯಾಗಿ ತಮಿಳಿನಲ್ಲಿ ಕೇಳಿದಳು.

"ಒಂದೇ ಒಂದು ಕಣ ಬೇಕಮ್ಮಾ. ಮೇಲ್ಗಡೆ, ಸ್ವಲ್ಪ ಬಲಕ್ಕೆ."

ಮೂವತ್ತೊಂದು ವರ್ಷ ಧೂಳಿನ ಮೇಲೆ ಸಿಡಿದ ಮನುಷ್ಯ ಧೂಳನ್ನು ಬೇಡುವುದು ನೋಡಿ ಅವಳಿಗೆ ಮನಸ್ಸು ಕರಗಿತು. ಒಂದು ಬಟ್ಟೆಯ ತುಂಡು ತಂದು ಕ್ಯಾಮೆರಾದ ಮೇಲೆ ಜೋರಾಗಿ ಕೊಡವಿದಳು. ಸೋಮಸುಂದರಂ ಲೆನ್ಸ್ ಹಾಕಿ, ಆರು ಅಡಿ ಅಳೆದು, ಅವಳದೇ ಪಟ ತೆಗೆದರು. ಕನ್ನಡಕ ಹಾಕಿ ನೋಡಿದರೆ ವಿಜಯಕುಮಾರಿಗೆ ಮುಖದ ತುಂಬ ಸಿಡುಬು ಎದ್ದಿತ್ತು.

"ಅಯ್ಯಯ್ಯೋ, ಮಾರಿಯಮ್ಮಾ!" ಎಂದು ಅವಳು ಕೆನ್ನೆ ಕೆನ್ನೆ ಬಡಿದುಕೊಂಡಳು. ರಬ್ಬರ್ ಬುಗ್ಗೆಯಿಂದ ಗಾಳಿ ಊದಿದರೆ ಎಲ್ಲವೂ ಹೋಯಿತು. ಮತ್ತೆ ಕೊಡವಿದರೆ ಮತ್ತೆ ಸಿಡುಬು. ಒಂದು ಸಲ ಎರಡೇ ಎರಡು ಉಳಿದವು, ಎರಡೂ ಮೂಗಿನ ತುದಿಯಲ್ಲಿ. ಒಂದೇ ಒಂದು ಬೊಟ್ಟು, ಕೆನ್ನೆಯ ಮೇಲೆ, ದುಂಡಗೆ, ಸಂಜೆಯವರೆಗೂ ಬರಲಿಲ್ಲ. ಕಂಪನಿ ಬಸ್ಸಿನಲ್ಲಿ ಸೋಮಸುಂದರಂ ಶುಭ್ರವಾದ ಕ್ಯಾಮೆರಾವನ್ನು ತೊಡೆಯ ಮೇಲಿಟ್ಟುಕೊಂಡು ಅನ್ನೂರಿನವರೆಗೂ ಕೂತಿದ್ದರು.

ಭಾನುವಾರ ಬೆಳಿಗ್ಗೆ ಮನೆಯ ಮುಂದೆ ಬೇವಿನ ಮರದ ಕೆಳಗೆ ಹಗ್ಗದ ಮಂಚ ಹಾಕಿದ್ದರು. ಜಾನಕಿಯಮ್ಮ ಎಲ್ಲರಿಗಿಂತ ಮೊದಲು ಬಂದು ಮುಂದಿನ ಸಾಲಿನಲ್ಲಿ ಕೂತಿದ್ದರು. ದಂಡಪಾಣಿಯವರು, ದಾರಿಯಲ್ಲಿ ಹೋಗುತ್ತಿದ್ದೆ ಎಂದು ಹೇಳಿ, ಇಸ್ತ್ರಿ ಮಾಡಿದ ಅಂಗಿಯಲ್ಲಿ ಬಂದಿದ್ದರು. ಸುಗನ್ಯಾಳ ಪೆಟ್ಟಿಗೆಗಳು ಆಗಲೇ ಕಾರಿನಲ್ಲಿದ್ದವು. ಕಮಲಾತಾಳ್ ತಲೆಗೆ ಎಣ್ಣೆ ಹಚ್ಚಿ, ಪೆಟ್ಟಿಗೆಯಲ್ಲಿಟ್ಟಿದ್ದ ಅರಿಶಿನ ಬಣ್ಣದ ನೂಲಿನ ಸೀರೆ ಉಟ್ಟು, ಮಗುವನ್ನು ಮಡಿಲಲ್ಲಿಟ್ಟುಕೊಂಡು ಮಂಚದ ಮೇಲೆ ಕೂತರು. ಅಡುಗೆಮನೆಯ ಕಡೆ ಒಮ್ಮೆಯೂ ನೋಡಲಿಲ್ಲ.

ಸೋಮಸುಂದರಂ ಆರು ಅಡಿ ಅಳೆದರು. ಕ್ಯಾಮೆರಾ ಕಣ್ಣಿಗೆ ಹಿಡಿದರು.

"ಇರು ಇರು" ಎಂದರು ಕಮಲಾತಾಳ್. ಮಗುವಿನ ಕೆನ್ನೆಯ ಮೇಲೆ ಗೋಮತಿ ಬೆಳಿಗ್ಗೆ ಇಟ್ಟಿದ್ದ ಕಾಡಿಗೆಯ ಬೊಟ್ಟಿತ್ತು. ಅದಕ್ಕೆ ಸೆರಗಿನ ತುದಿ ಹಿಡಿದರು. "ಎರಡು ಬೊಟ್ಟು ಯಾಕೆ? ಇವನ ಮಿಷಿನ್ನೇ ಇಡ್ತದಲ್ಲ. ನಾನು ಒರೆಸಿದ್ರೂ ಇವತ್ತು ಭಯ ಇಲ್ಲ."

ಮುದುಕಿ ಮಗುವಿನ ಮುಖ ನೋಡುತ್ತಲೇ ಹೇಳಿದರು.

"ಅವತ್ತು ಆ ಸ್ಟುಡಿಯೋದವನು, ಆ ಕಪ್ಪು ಒರೆಸಮ್ಮಾ, ಪಟದಲ್ಲಿ ಕಲೆ ಹಂಗೆ ಕಾಣ್ತದೆ ಅಂದ. ಎಲ್ಲಾರ ಮುಂದೆ ಅಂದ. ನಂಗೆ ನಾಚಿಕೆ ಆಯ್ತು. ಹಳ್ಳಿಯವಳು ಅಂತ ನಗ್ತಾನೆ ಅಂತ ಒರೆಸಿದೆ. ನನ್ನ ರಂಗಸಾಮಿಗೆ ನಾನೇ ಒರೆಸಿದೆ. ಈ ಕೈಯಲ್ಲೇ. ಯಾರಿಗೂ ಹೇಳಿಲ್ಲ, ನಿಮ್ಮಪ್ಪನಿಗೂ ಹೇಳಿಲ್ಲ."

ಅದೇ ಮಾತು. ಜಾನಕಿಯಮ್ಮನ ತಿಣ್ಣೆಯ ಮುಂದೆ ನಿಂತು ಸೋಮಸುಂದರಂ ಆಡಿದ್ದ ಅದೇ ಮಾತು. ಸೆರಗು ಮಗುವಿನ ಕೆನ್ನೆಗೆ ತಾಗುವಷ್ಟರಲ್ಲಿ ಅವರು, "ಒರೆಸಬೇಡಮ್ಮಾ!" ಎಂದು ಕೂಗಿದರು. ಮೂರು ಹೆಜ್ಜೆಯಲ್ಲಿ ಆರು ಅಡಿ ದಾಟಿ ಬಂದು ಮಂಚದ ಪಕ್ಕ ಮಂಡಿಯೂರಿ ಅಮ್ಮನ ಕೈ ಹಿಡಿದುಕೊಂಡರು.

"ಇದು ಏನೂ ಇಡೋದಿಲ್ಲಮ್ಮಾ. ಅದು ಧೂಳು. ಕಂಪನಿಯ ಪಂಜಿನ ಧೂಳು ಒಳಗೆ ಕೂತಿತ್ತು. ಗೊತ್ತಾದ ಮೇಲೂ ನಿಂಗೆ ಹೇಳಲಿಲ್ಲ. ನೀನು ಕೂತ್ಕೋತೀನಿ ಅಂದ್ಯಲ್ಲ, ಅದಕ್ಕೆ ಹೇಳಲಿಲ್ಲ. ಈಗ ಅದೂ ಇಲ್ಲ, ಮಾಪ್ಳೆ ತೊಳೆಸಿಬಿಟ್ಟರು. ನಿನ್ನೆಯೆಲ್ಲಾ ಬರಿಸೋಕೆ ನೋಡಿದೆ, ಬರಲಿಲ್ಲ." ಹದಿನಾಲ್ಕು ಜೇಬಿನ ಜಾಕೀಟು ಹಾಕಿಕೊಂಡ ಐವತ್ತೈದರ ಮನುಷ್ಯ ಬೀದಿಯವರ ಮುಂದೆ ಅಳುತ್ತಿದ್ದರು.

ಕಾರ್ತಿಯ ಮುಖ ಸುಣ್ಣದ ಗೋಡೆಯಾಯಿತು. ದಂಡಪಾಣಿಯವರ ಕೈ ತಾನಾಗಿಯೇ ಎಡಗೆನ್ನೆಗೆ ಹೋಯಿತು. ಜಾನಕಿಯಮ್ಮ ಮಾತ್ರ, "ಧೂಳಾ? ಸುಮ್ಮಾ ಹೇಳ್ತಾನೆ" ಎಂದು ಗೊಣಗಿದರು.

ಕಮಲಾತಾಳ್ ಸೆರಗಿನ ತುದಿಯನ್ನು ಮಗುವಿನ ಕೆನ್ನೆಯ ಬಳಿಯಿಂದ ತೆಗೆದು ಮಗನ ಕಣ್ಣಿಗೆ ಒತ್ತಿದರು.

"ಅವತ್ತು ಅವನು ಒರೆಸು ಅಂದ" ಎಂದರು. "ನೀನು ಒರೆಸಬೇಡ ಅಂದೆ. ಸಾಕು ಸಾಮಿ. ಇದಕ್ಕೆ ಯಾಕೆ ಅಳ್ತೀಯ? ಮನೇಲಿ ಕಾಡಿಗೆ ಡಬ್ಬಿ ಇಲ್ವಾ? ಗೋಮತೀ!"

ಡಬ್ಬಿ ಬಂತು. ಮುದುಕಿ ಬೆರಳಿಗೆ ದಪ್ಪಗೆ ಕಾಡಿಗೆ ಮೆತ್ತಿಕೊಂಡು ಮಗುವಿನ ಕೆನ್ನೆಯ ಬೊಟ್ಟನ್ನು ಇನ್ನೂ ಅಗಲ ಮಾಡಿದರು. ಆಮೇಲೆ ಆ ಬೆರಳು ಮಗನ ಎಡಗೆನ್ನೆಗೆ ಬಂತು. "ನೀನೂ ನಾನು ಹೆತ್ತ ಮಗುವೇ ಅಲ್ವಾ? ನಿಂಗೆ ಒಂದು ಪಟಾನೂ ತೆಗೆಸಲಿಲ್ಲ ನಾನು." ಉಳಿದಿದ್ದ ಕಾಡಿಗೆಯನ್ನು, ಸೋಮಸುಂದರಂ ತಡೆಯುವ ಮೊದಲೇ, ಅವರ ಕೊರಳಿಂದ ನೇತಾಡುತ್ತಿದ್ದ ಕ್ಯಾಮೆರಾದ ಲೆನ್ಸಿನ ಗಾಜಿನ ನಟ್ಟನಡುವೆ ಇಟ್ಟುಬಿಟ್ಟರು.

"ಇದಕ್ಕೂ ಇರಲಿ. ಪಾಪ, ಊರ ಕಣ್ಣೆಲ್ಲಾ ಇದರ ಮೇಲೇ."

"ಅಯ್ಯೋ ಅಜ್ಜೀ, ಲೆನ್ಸು!" ಎಂದು ಕಾರ್ತಿ ಮುಂದೆ ಬಂದ. ಸೋಮಸುಂದರಂ ಅವರ ಕೈಯೂ ಒರೆಸುವ ಬಟ್ಟೆಯ ಜೇಬಿಗೆ ಹೋಯಿತು. ಹೋದ ಕೈ ಅಲ್ಲೇ ನಿಂತಿತು. ಬಟ್ಟೆ ತೆಗೆಯದೆ ಅವರು ಎದ್ದು, ಹಿಂದಕ್ಕೆ ಹೋದರು. ಈ ಸಲ ಅಳೆಯಲಿಲ್ಲ. ಗುಂಡಿ ಒತ್ತಿದರು.

ಚಿತ್ರ ಮಸಕು ಮಸಕಾಗಿ ಬಂತು. ಬೇವಿನ ಎಲೆಗಳ ಬೆಳಕು ಹರಡಿ ಹೋಗಿತ್ತು, ಅರಿಶಿನದ ಸೀರೆ ಕರಗಿದಂತಿತ್ತು. ಎಫ್ ಹದಿನಾರಿಗೂ ಏನೂ ಮಾಡಲಾಗಲಿಲ್ಲ. ಆದರೂ ಅಮ್ಮ ನೇರವಾಗಿ ನೋಡುತ್ತಿದ್ದದ್ದು ಕಾಣುತ್ತಿತ್ತು, ಮಗು ಆಕಳಿಸುತ್ತಿದ್ದದ್ದು ಕಾಣುತ್ತಿತ್ತು, ಬೊಟ್ಟಂತೂ ಬೀದಿಯ ಆಚೆಗಿದ್ದವರಿಗೂ ಕಾಣುವಂತಿತ್ತು. ಕಮಲಾತಾಳ್ ಕ್ಯಾಮೆರಾದ ತೆರೆಯನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿ, "ಬೊಟ್ಟು ಚೆನ್ನಾಗಿ ಬಿದ್ದಿದೆ" ಎಂದರು.

ಕಾರು ತುಡಿಯಲೂರಿನ ಕಡೆ ಹೋದ ಮೇಲೆ ಅವರು ತಮ್ಮ ತಗಡಿನ ಪೆಟ್ಟಿಗೆಯ ಅಡಿಯಿಂದ ಬಟ್ಟೆಯಲ್ಲಿ ಸುತ್ತಿದ್ದ ಒಂದು ಪಟ ತಂದು ಮಗನ ಕೈಗೆ ಕೊಟ್ಟರು. ಸೋಮಸುಂದರಂ ತನ್ನ ಅಣ್ಣನನ್ನು ಮೊದಲ ಬಾರಿ ನೋಡಿದರು. ಸ್ಟುಡಿಯೋದ ಕುರ್ಚಿಯ ಮೇಲೆ ಒಂದು ವರ್ಷದ ಮಗು, ಬಾಯಲ್ಲಿ ಬೆರಳು. ಎಡಗೆನ್ನೆಯ ಮೇಲೆ ಕಾಡಿಗೆ, ಕಾಗದವೇ ಉಬ್ಬುವಷ್ಟು ದಪ್ಪಗೆ.

"ಅಮಾಸೆ ಅಮಾಸೆಗೆ ಇಡ್ತೀನಿ" ಎಂದರು ಕಮಲಾತಾಳ್. "ಇಲ್ಲಾಂದ್ರೆ ಅಳಿಸಿಹೋಗ್ತದೆ."

ಸೋಮವಾರ ಬೆಳಿಗ್ಗೆ ಚೆಕಿಂಗ್ ಮೇಜಿನ ಮುಂದೆ ವಿಜಯಕುಮಾರಿ ಮಾಸ್ಟರ್ ಮುಖವನ್ನು ಎರಡು ಸಲ ನೋಡಿದಳು. ಹರಳೆಣ್ಣೆಯಲ್ಲಿ ಕಲಸಿದ ಮನೆಯ ಕಾಡಿಗೆ ಒಂದು ಸ್ನಾನಕ್ಕೆ ಹೋಗುವಂಥದ್ದಲ್ಲ. ಹೋಗಿದ್ದಷ್ಟನ್ನು ಕಮಲಾತಾಳ್ ಬಾಗಿಲಲ್ಲಿ ನಿಲ್ಲಿಸಿ ಮತ್ತೆ ಇಟ್ಟು ಕಳಿಸಿದ್ದರು. ವಿಜಯಕುಮಾರಿ ನಗು ತಡೆಯಲಾರದೆ ಒಂದು ಕೆಂಪು ಬಾಣದ ಸ್ಟಿಕರ್ ಕಿತ್ತು ಬೆರಳ ತುದಿಯಲ್ಲಿ ಹಿಡಿದಳು.

"ಮಾಸ್ಟರ್, ಕೆನ್ನೆ ಮೇಲೆ ಕಲೆ. ಒರೆಸಿಕೊಳ್ಳಿ."

"ಒರೆಸೋದಿಲ್ಲಮ್ಮಾ" ಎಂದರು ಸೋಮಸುಂದರಂ. "ಪೀಸ್ ಪಾಸಾಗಿದೆ." ಮುಂದಿನ ಕಟ್ಟನ್ನು ತಮ್ಮ ಕಡೆಗೆ ಎಳೆದುಕೊಂಡರು.